ನಾಲ್ಕು ಕಡೆ ತಿದ್ದಿದ್ದು

ಹನ್ನೊಂದಕ್ಕೆ ಬರುತ್ತೇನೆಂದಿದ್ದ ಅಂಬಾದಾಸ ಹನ್ನೊಂದೂವರೆಯಾದರೂ ಬರಲಿಲ್ಲವೆನ್ನುವುದು ವಿಮಲಾಗೆ ನೆಮ್ಮದಿಯೆನ್ನಿಸಿತು. ಅನ್ನಿಸಿದ ಕೂಡಲೇ ಆ ನೆಮ್ಮದಿಯ ಬಗ್ಗೆ ನಾಚಿಕೆಯಾಯಿತು. ಡೊಂಬಿವಲಿ ಸ್ಟೇಶನ್ನಿನಿಂದ ಐದು ನಿಮಿಷದ ಓಣಿಯಲ್ಲಿ, ಒಬ್ಬ ಟೈಲರನಿಗೂ ಒಬ್ಬ ಚಪ್ಪಲಿ ರಿಪೇರಿಯವನಿಗೂ ನಡುವೆ ಇದ್ದ ಅವಳ ಡಿಟಿಪಿ ಅಂಗಡಿಯಲ್ಲಿ ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು, ಎರಡು ಪ್ಲಾಸ್ಟಿಕ್ ಕುರ್ಚಿ. ಮದುವೆ ಕಾಗದ, ಸತ್ಯನಾರಾಯಣ ಪೂಜೆಯ ಕಾಗದ, ಉತ್ತರಕ್ರಿಯೆಯ ಕಾಗದ ಎಲ್ಲವೂ ಅವಳ ಬೆರಳ ತುದಿಯಿಂದಲೇ ಹೊರಟು ಊರು ಸೇರುತ್ತಿದ್ದವು. ಹದಿನಾಲ್ಕು ವರ್ಷದಲ್ಲಿ ಯಾರ ಹೆಸರನ್ನೂ ಅವಳು ತಪ್ಪಾಗಿ ಹೊಡೆದಿರಲಿಲ್ಲ. ವಿಮಲಕ್ಕನ ಹತ್ತಿರ ಕೊಟ್ಟರೆ ಪ್ರೂಫ್ ನೋಡುವ ಅಗತ್ಯವೇ ಇಲ್ಲ ಎಂದು ಗಿರಾಕಿಗಳು ಹೇಳುವಾಗ ಮಾತ್ರ ಅವಳು ಏಳುತ್ತಿದ್ದಳು, ಮೆಷಿನ್ನಿಗೆ ಕಾಗದ ತುಂಬುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದಳು. ಈಗ ಪರದೆಯ ಮೇಲೆ ಅಂಬಾದಾಸನ ಮೊದಲ ಪುಸ್ತಕ. ನಲವತ್ತೊಂದು ಕವಿತೆ. ಮೂರು ವಾರ ಕೂತು ನಲವತ್ತನ್ನು ಹೊಡೆದಿದ್ದಳು. ಇಪ್ಪತ್ತಮೂರನೆಯ ಪುಟ ಮಾತ್ರ ಖಾಲಿ. ಆ ಪುಟದ ಕೈಬರಹ ಕೀಲಿಮಣೆಯ ಕೆಳಗೆ ಮಡಚಿಟ್ಟಿತ್ತು. ಅವನು ಬಂದು ಪುಟ ತಿರುಗಿಸುತ್ತಾ ಇಪ್ಪತ್ತಮೂರಕ್ಕೆ ಬಂದಾಗ ಏನು ಹೇಳಬೇಕು ಎಂದು ಬೆಳಿಗ್ಗೆಯಿಂದ ಹತ್ತು ಬಗೆಯಲ್ಲಿ ಹೇಳಿಕೊಂಡು ನೋಡಿದ್ದಳು. ಕರೆಂಟು ಹೋಯಿತು, ಫೈಲು ಹಾಳಾಯಿತು, ಕಣ್ಣುನೋವು. ಎಲ್ಲವೂ ನಿಜವಿರಬಹುದಾದ ಸುಳ್ಳುಗಳು.

ಆ ಕವಿತೆ ಅವಳಿಗೆ ಬಾಯಿಪಾಠ. ಮೊದಲ ಸಲ ಅದು ಕೈಗೆ ಬಂದದ್ದು ಆರು ವರ್ಷದ ಹಿಂದೆ, ೨೦೦೫ರ ಜನವರಿಯಲ್ಲಿ. ಅವಳ ಗಂಡ ಲೀಲಾಧರ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ರಜೆಯ ದಿನ ಊರಿನ ಕನ್ನಡ ಬಳಗದ ಕಾರ್ಯದರ್ಶಿ. ಬಳಗದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಬಂದ ಕವಿತೆಗಳನ್ನೆಲ್ಲ ತಂದು ಅವಳ ಮುಂದೆ ಹಾಕಿ, ಸಂಜೆಯೊಳಗೆ ಪ್ರೆಸ್ಸಿಗೆ ಕೊಡಬೇಕು ಎಂದು ಹೋಗಿದ್ದ. ಎರಡು ಗಂಟೆಗೆ ಲೋಡ್ ಶೆಡ್ಡಿಂಗ್. ಕಳಂಬೋಲಿಯ ಕಬ್ಬಿಣ ಮಾರುಕಟ್ಟೆಯಲ್ಲಿ ಲಾರಿ ತೂಗುವ ಕಾಟಾದ ಮುಂದೆ ಕೂತು ಚೀಟಿ ಬರೆಯುವ, ಕಲಬುರಗಿ ಕಡೆಯ ಹಮಾಲನೊಬ್ಬನ ಮಗ ಅಂಬಾದಾಸ ಕಳಿಸಿದ್ದ ಆರು ಸಾಲು ಕೊನೆಯಲ್ಲಿತ್ತು.

ಕಬ್ಬಿಣ ಇಳಿಸಿ ಬಂದವನ ಅಂಗೈ
ನನ್ನ ಅಂಗೈ ಮ್ಯಾಲ.
ಅವನು ನಕ್ಕ.
ತುಕ್ಕು ನನಗೂ ಹತ್ತಿತು.
ಎದ್ದು ಹೋದ;
ನಾ ಎರಡು ದಿನ ಕೈ ತೊಳೀಲಿಲ್ಲ.

ಅವಳ ಬೆರಳು ನಿಂತಿತ್ತು. ಆ ಕಡೆಯವರ ಕನ್ನಡವೇ ಹಾಗೆ, ಲಿಂಗ ವಚನ ಯಾವುದೂ ನೆಟ್ಟಗಿರುವುದಿಲ್ಲ ಎಂದುಕೊಂಡಳು. ಎಲ್ಲೂ ಒಂದು ಕಾಗುಣಿತ ತಪ್ಪಿಲ್ಲದ, ದುಂಡಗೆ ಬರೆದ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಹಾಗಂದುಕೊಂಡಳು. ಬಂದವನ ಎಂಬುದು ಬಂದವಳ ಆಯಿತು. ಅವನು, ಅವಳು ಆಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಕೈತಪ್ಪು ಎನ್ನಬಹುದಿತ್ತು. ಆದರೆ ಕನ್ನಡ ಅಷ್ಟಕ್ಕೆ ಬಿಡುವುದಿಲ್ಲ. ನಕ್ಕ ಎಂಬುದನ್ನು ನಕ್ಕಳು ಮಾಡಬೇಕು, ಹೋದ ಎಂಬುದನ್ನು ಹೋದಳು ಮಾಡಬೇಕು. ನಾಲ್ಕು ಕಡೆ, ನಾಲ್ಕು ಸಲ ಮನಸ್ಸು ಮಾಡಿ ತಿದ್ದಿದಳು. ಕಳಂಬೋಲಿಯಲ್ಲಿ ಯಾವ ಹೆಂಗಸೂ ಲಾರಿಯಿಂದ ಕಬ್ಬಿಣ ಇಳಿಸುವುದಿಲ್ಲ ಎಂಬ ಸಾಮಾನ್ಯ ತಿಳುವಳಿಕೆಯೂ ಆಗ ಅಡ್ಡ ಬರಲಿಲ್ಲ. ಹುಡುಗನ ಮಾನ ಉಳಿಸಿದೆನೆಂದು ಆಮೇಲೆ ಸಮಾಧಾನ ಮಾಡಿಕೊಂಡಳು. ಅದೂ ಪೂರ್ತಿ ನಿಜವಲ್ಲವೆಂದು ಗೊತ್ತಾಗಲು ವರ್ಷಗಳು ಹಿಡಿದವು. ಒಂದು ಕೈಯನ್ನು ಮುಟ್ಟಿ ಎರಡು ದಿನ ತೊಳೆಯದೆ ಇರುವಷ್ಟು ಯಾರಾದರೂ ಯಾರನ್ನಾದರೂ ಬಯಸಬಹುದು ಎಂಬುದು ಅವಳ ನಲವತ್ತು ವರ್ಷದ ಬದುಕಿಗೆ ಹೊಸ ಸುದ್ದಿಯಾಗಿತ್ತು. ಆ ಕೈ ಒಬ್ಬ ಹೆಂಗಸಿನದಾಗಿರಲಿ ಎಂದು ಅವಳಿಗೇ ಆಸೆಯಾಗಿತ್ತೇ? ಇಲ್ಲಿಗೆ ಬಂದಾಗಲೆಲ್ಲ ಅವಳು ಯೋಚನೆಯನ್ನು ಕತ್ತರಿಸುತ್ತಿದ್ದಳು.

ವಾರ್ಷಿಕೋತ್ಸವದ ದಿನ ಸಭಾಗೃಹದಲ್ಲಿ ಇನ್ನೂರು ಜನ, ಇನ್ನೂರು ಕೈಯಲ್ಲೂ ಸ್ಮರಣ ಸಂಚಿಕೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಇಪ್ಪತ್ತನಾಲ್ಕರ ಅಂಬಾದಾಸ ಮೈಕಿನ ಮುಂದೆ ಬಂದು, ಪುಸ್ತಕ ತೆರೆಯದೆ ನೆನಪಿನಿಂದಲೇ ಹೇಳತೊಡಗಿದ. ಅವನು ನಕ್ಕ ಎನ್ನುತ್ತಿದ್ದ ಹಾಗೆ ಮುಂದಿನ ಸಾಲಿನ ವೃದ್ಧರೊಬ್ಬರು, ಮಕ್ಕಳ ನಾಟಕದಲ್ಲಿ ಮಾತು ಎತ್ತಿಕೊಡುವ ಹಾಗೆ, "ನಕ್ಕಳು, ನಕ್ಕಳು" ಎಂದರು. ಸಭೆ ನಕ್ಕಿತು. ಅಂಬಾದಾಸ ನಿಲ್ಲಿಸಿದ. ಸಂಚಿಕೆ ತೆರೆದು ತನ್ನ ಪುಟ ಹುಡುಕಿ ಓದಿಕೊಂಡ. ಲೀಲಾಧರ ಎದ್ದು, "ಮುದ್ರಣದ್ದೋ ಕವಿಗಳ ಬಾಯಿಯದ್ದೋ, ಒಂದು ಚಿಕ್ಕ ದೋಷ ಆಗಿದೆ, ಮುಂದುವರಿಸಿ" ಎಂದು ನಗಿಸಲು ನೋಡಿದ. ಅಲ್ಲಿಗೆ ಮುಗಿಯಬಹುದಿತ್ತು. ಹೌದು ಎಂದಿದ್ದರೆ ಅವನು ಸಂಜೆ ಊಟ ಮಾಡಿ, ಶಾಲು ಹೊದ್ದು, ಕಳಂಬೋಲಿಗೆ ಮರಳಬಹುದಿತ್ತು. ಅವನು ಸಂಚಿಕೆಯನ್ನು ಮಡಚಿ ಮೈಕಿನ ಸ್ಟ್ಯಾಂಡಿನ ಕೆಳಗಿಟ್ಟ.

"ನಾ ಬರ್ದದ್ದು ಅವನು ಅಂತ್ರಿ. ಅವನು ಅಂದ್ರ ಅವನೇ. ನನ್ನ ಬಾಯಿ ತಪ್ಪಿಲ್ಲ."

ಮೊದಲ ಸಾಲಿನಿಂದ ಇನ್ನೊಮ್ಮೆ ಹೇಳಿದ, ಆರೂ ಸಾಲು, ದನಿ ನಡುಗದಂತೆ. ಇಳಿದು ಹೋಗುವಾಗ ಸಂಚಿಕೆಯನ್ನು ಅಲ್ಲೇ ಬಿಟ್ಟು ಹೋದದ್ದು ಹೆಂಗಸರ ಮೂರನೆಯ ಸಾಲಿನಲ್ಲಿದ್ದ ವಿಮಲಾಗೆ ಕಂಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳ ಕೈಗಳು ಮಡಿಲಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಅವನು ಬರೆದಂತೆ ಅಚ್ಚಾಗಿದ್ದರೆ, ಹೆಣ್ಣಿನ ದನಿಯಲ್ಲಿ ಬರೆದ ಕವಿತೆಯೆಂದು ಓದಿ ಸುಮ್ಮನಿರುತ್ತಿದ್ದರು. ಬಾಗಿಲು ಅವನಾಗಿ ತೆರೆದದ್ದಲ್ಲ, ತಾನು ದೂಡಿದ್ದು. ಆ ರಾತ್ರಿ ಲೀಲಾಧರ, "ಪ್ರೆಸ್ಸಿನವರ ಕೆಲಸ ಇರಬೇಕು" ಎಂದಾಗ ಅವಳು ಹೂಂಗುಟ್ಟಿದ್ದಳು.

ಸಭೆಯಲ್ಲಿ ಕಳಂಬೋಲಿಯವರೂ ಇದ್ದರು. ಸೋಮವಾರ ಬೆಳಿಗ್ಗೆಯೊಳಗೆ ಸುದ್ದಿ ಮಾರುಕಟ್ಟೆ ಮುಟ್ಟಿ, ಅಪ್ಪ ಅವನ ಟ್ರಂಕನ್ನು ಬೀದಿಗಿಟ್ಟ. ಕಾಟಾದ ಮಾಲೀಕ ನಾಳೆಯಿಂದ ಬರಬೇಡವೆಂದ. ಇದೆಲ್ಲ ಅವಳಿಗೆ ಚೂರುಚೂರಾಗಿ ತಿಳಿದದ್ದು. ಮೂರು ವಾರದ ನಂತರ ಅವನೇ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಬೈಯಲು ಬಂದನೆಂದು ಅವಳು ಕುರ್ಚಿಯಿಂದ ಎದ್ದು ನಿಂತಳು. ಅವನು ಚೀಲದಿಂದ ಒಂದು ಹಾಳೆ ತೆಗೆದ. ಕೋಪರಖೈರಣೆಯಲ್ಲಿ ಇಬ್ಬರು ಗೆಳೆಯರ ಕೋಣೆಯಲ್ಲಿದ್ದೇನೆ, ಎಚ್‌ಐವಿ ತಪಾಸಣೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ, ಕಟ್ಟಡದ ಕೂಲಿಗಳಿಗೆ ಹಂಚಲು ಕನ್ನಡದಲ್ಲಿ ಕಾಗದ ಬೇಕು ಎಂದ. ಹಾಳೆಯಲ್ಲಿ ಹೀಗಿತ್ತು: ತಮ್ಮಾ, ಅಂಜಬ್ಯಾಡ. ರಕ್ತ ತಪಾಸು ಮಾಡಿಸಿಕೋ. ಒಬ್ಬನೇ ಹೋಗಾಕ ಮನಸ್ಸಾಗದಿದ್ರ ಫೋನ್ ಮಾಡು, ಜೋಡಿ ನಾ ಬರ್ತೀನಿ. ಕೆಳಗೆ ಅವನದೇ ನಂಬರು.

"ಸ್ವಲ್ಪ ಶುದ್ಧ ಮಾಡಿ ಹಾಕ್ಲಾ?" ಎಂದಳು, ಅಭ್ಯಾಸದಿಂದ.

"ಬ್ಯಾಡ್ರಿ ಅಕ್ಕಾರ. ಹ್ಯಾಂಗ ಬರ್ದೀನಿ ಹಂಗೇ ಇರ್ಲಿ."

ಅವನು ನಗುತ್ತಲೇ ಅಂದಿದ್ದ. ಗೊತ್ತಿದ್ದು ಅಂದನೇ, ಗೊತ್ತಿಲ್ಲದೆ ಅಂದನೇ? ಆರು ವರ್ಷ ಆ ಒಂದು ಮಾತು ಅವಳೊಳಗೆ ಮುರಿದ ಮುಳ್ಳಿನಂತೆ ಉಳಿಯಿತು. ಅವನ ಮುಖ ನೋಡಿದಾಗ ಗೊತ್ತಿಲ್ಲವೆನ್ನಿಸುವುದು, ಅವನು ಹೋದ ಮೇಲೆ ಗೊತ್ತಿದೆಯೆನ್ನಿಸುವುದು. ಕಾಗದಕ್ಕೆ ನಿಜವಾಗಿಯೂ ಫೋನುಗಳು ಬಂದವು. ಅವನು ನಿಜವಾಗಿಯೂ ಜೋಡಿ ಹೋದ. ಪನವೇಲಿನಿಂದ ಕಲ್ಯಾಣದವರೆಗೆ, ಸೆಂಟ್ರಿಂಗ್ ಕೆಲಸದವರು, ಹಮಾಲರು, ಮನೆಯಿಂದ ಹೊರಬಿದ್ದ ಹುಡುಗರು, ಸಿಗ್ನಲ್ಲಿನ ಹಿಜಡಾಗಳು, ಯಾರ ಜೊತೆಗಾದರೂ ಆಸ್ಪತ್ರೆಯ ಸಾಲಿನಲ್ಲಿ ನಿಂತ. ಯಾರೂ ಒಪ್ಪಿಕೊಳ್ಳದ ಹೆಣಗಳಿಗೆ ಅಣ್ಣನೆಂದು ಸಹಿ ಹಾಕಿದ. ಭಾನುವಾರ ಸೀವುಡ್ಸಿನ ಸಮುದ್ರದ ಖಾಡಿಯ ದಂಡೆಯಲ್ಲಿ ತನ್ನಂಥ ಏಳೆಂಟು ಜನರನ್ನು ಕೂರಿಸಿಕೊಂಡು, ಅವರವರ ಭಾಷೆಯಲ್ಲಿ ಬರೆದದ್ದನ್ನು ಓದಿಸುತ್ತಿದ್ದ. ನಡುವೆ ಲೋಕಲ್ ಗಾಡಿಯಲ್ಲಿ, ಟಿಕೇಟಿನ ಹಿಂದೆ, ಔಷಧದ ಚೀಟಿಯ ಹಿಂದೆ, ತನ್ನ ಕವಿತೆ. ಇಷ್ಟೊಂದು ಜನರ ನೋವು ಹೊತ್ತವನ ಕವಿತೆಯಲ್ಲಿ ಅಳು ಇರಲಿಲ್ಲ. ಒಂದರಲ್ಲಿ ಅವನು ತನ್ನ ಹರಿದ ಚಪ್ಪಲಿಯನ್ನು ತಮಾಷೆ ಮಾಡಿದ್ದನ್ನು ಹೊಡೆಯುವಾಗ ಅವಳು ಒಬ್ಬಳೇ ಗಟ್ಟಿಯಾಗಿ ನಕ್ಕದ್ದಕ್ಕೆ ಟೈಲರು ಇಣುಕಿ ನೋಡಿದ್ದ.

ಒಮ್ಮೆ ಒಂದು ಸ್ಟೇಶನ್ನಿನ ಸೇತುವೆಯ ಮೇಲೆ, ಸಂಜೆಯ ಗರ್ದಿಯಲ್ಲಿ, ಅವನನ್ನು ದೂರದಿಂದ ಕಂಡಿದ್ದಳು. ಪೊಲೀಸಿನವನೊಬ್ಬ ಇಬ್ಬರನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದ. ಅಂಬಾದಾಸ ನಡುವೆ ನಿಂತು ಮರಾಠಿಯಲ್ಲಿ, ಮರ್ಯಾದೆಯಿಂದ ಏನೋ ವಿವರಿಸುತ್ತಿದ್ದ. ಕೆನ್ನೆಗೆ ಒಂದು ಬಿತ್ತು. ಕನ್ನಡಕ ಹಾರಿತು. ಅವನು ಬಗ್ಗಿ ಕನ್ನಡಕ ಎತ್ತಿ, ಅಂಗಿಯ ಚುಂಗಿನಿಂದ ಒರೆಸಿ ಹಾಕಿಕೊಂಡು, ಬಿಟ್ಟ ವಾಕ್ಯವನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದ. ಸ್ವಲ್ಪ ಹೊತ್ತಿಗೆ ಆ ಇಬ್ಬರನ್ನೂ ಕರೆದುಕೊಂಡು ಮೆಟ್ಟಿಲಿಳಿದ. ವಿಮಲಾ ತರಕಾರಿ ಚೀಲ ಎದೆಗವಚಿಕೊಂಡು ನಿಂತಿದ್ದವಳು, ಅವನು ಕತ್ತೆತ್ತುವುದರೊಳಗೆ ಹೆಂಗಸರ ಗುಂಪಿನಲ್ಲಿ ಸೇರಿಕೊಂಡಳು. ಅದಾದ ವರ್ಷವೇ, ಜುಲೈಯಲ್ಲಿ, ಗಂಡು ಗಂಡನ್ನು ಕೂಡುವುದು ಅಪರಾಧವಲ್ಲವೆಂದು ದಿಲ್ಲಿಯ ಹೈಕೋರ್ಟು ತೀರ್ಪು ಕೊಟ್ಟ ಮರುದಿನ, ಪೇಢೆಯ ಡಬ್ಬಿ ಹಿಡಿದು ಬಂದ. "ಅಕ್ಕಾರ, ನಿನ್ನಿಯಿಂದ ನಾ ಗುನ್ಹೇಗಾರ ಅಲ್ಲ. ತಗೋರಿ." ಆಗ ಹೇಳಬಹುದಿತ್ತು. ಪೇಢೆ ಬಾಯಿಯಲ್ಲಿತ್ತು. ಅವನು ಅಷ್ಟು ಸಂತೋಷದಲ್ಲಿದ್ದ.

"ಇದೇ ಏನ್ರಿ ಬುಕ್ಕು ಮಾಡೋ ಅಂಗಡಿ?"

ವಿಮಲಾ ಪರದೆಯಿಂದ ತಲೆಯೆತ್ತಿದಳು. ಬಾಗಿಲಲ್ಲಿ ಅರವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಕೈಯಲ್ಲಿ ಬಟ್ಟೆಯ ಚೀಲ, ಊಟದ ಡಬ್ಬಿ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲೇರಿದಳು. "ನಾ ಮರಗಮ್ಮ. ಅಂಬಾದಾಸನ ಅವ್ವ. ಅವಂಗ ಬರಾಕ ಆಗಂಗಿಲ್ಲಂತ. ಕಲ್ಯಾಣದ ದವಾಖಾನ್ಯಾಗ ಒಬ್ಬಂವ ಭಾಳ ಸೀರಿಯಸ್ ಅದಾನ, ಅಲ್ಲೇ ಕುಂತಾನ. ಇದು ಕೊಟ್ಟು ಬಾ ಅಂದ. ನಾ ಹಂಗೇ ಅವಂಗ ಬುತ್ತಿ ಕೊಡಾಕ ಹೋಗ್ತೀನಿ." ಚೀಲದಿಂದ ಪುಸ್ತಕದ ಅರ್ಪಣೆಯ ಹಾಳೆ ತೆಗೆದು ಕೊಟ್ಟಳು. ಗಂಡ ಸತ್ತ ಮೇಲೆ, ಎರಡು ವರ್ಷದಿಂದ, ಈಕೆ ಮಗನ ಜೊತೆಗಿದ್ದಾಳೆಂದು ವಿಮಲಾ ಕೇಳಿದ್ದಳು. ಮುಖ ನೋಡಿದ್ದು ಈಗಲೇ.

"ಕೂತ್ಕೊಳ್ಳಿ ಅಮ್ಮ. ಚಾ ತರಿಸ್ತೇನೆ."

ಮರಗಮ್ಮ ಕೂತು ಪರದೆಯನ್ನೇ ನೋಡಿದಳು. "ಇದ್ರಾಗ ಅದಾವೇನು ಅವನ ಹಾಡು? ನನಗ ಓದಾಕ ಬರಂಗಿಲ್ಲ. ಓದಿ ಹೇಳೋ ಅಂದ್ರ ನಾಚ್ತಾನ. ಇಷ್ಟು ಮಂದಿಗಿ ಓದ್ತಾನಂತ, ಹಡದಾಕಿಗಿ ಓದಂಗಿಲ್ಲ. ಒಂದು ಓದ್ರಿ ಯವ್ವಾ."

ನಲವತ್ತಿದ್ದವು. ಚಪ್ಪಲಿಯದನ್ನು ಓದಬಹುದಿತ್ತು, ಅವ್ವನ ರೊಟ್ಟಿಯದನ್ನು ಓದಬಹುದಿತ್ತು. ವಿಮಲಾ ಕೀಲಿಮಣೆಯ ಕೆಳಗಿನ ಹಾಳೆಯನ್ನು ಎಳೆದದ್ದು ಧೈರ್ಯದಿಂದಲೋ ದಣಿವಿನಿಂದಲೋ ಅವಳಿಗೆ ತಿಳಿಯಲಿಲ್ಲ. ಬಾಯಿ ತೆರೆದಾಗ ಅದೇ ಹಳೆಯ ಆಸೆ ಮತ್ತೆ ತಲೆಯೆತ್ತಿತು: ಮುದುಕಿ, ಓದು ಬರದವಳು, ಯಾಕೆ ಸುಮ್ಮನೆ ನೋಯಿಸುವುದು, ಒಂದೆರಡು ಅಕ್ಷರ. ನಾಲಿಗೆಯ ತುದಿಯವರೆಗೂ ಬಂದಿತ್ತು. ಬರೆದಂತೆಯೇ ಓದಿದಳು. ಬಂದವನ. ಅವನು. ನಕ್ಕ. ಹೋದ.

ಮರಗಮ್ಮ ಊಟದ ಡಬ್ಬಿಯನ್ನು ಕಾಲ ಬಳಿ ಇಳಿಸಿಟ್ಟಳು. ಹೊರಗೆ ಟೈಲರನ ಮೆಷಿನ್ನು ಓಡುತ್ತಿತ್ತು.

"ಅಂವ ಚಂದ್ರಾಮ," ಎಂದಳು. "ಕ್ರೇನಿನ ಹಂತೇಕ ಕಬ್ಬಿಣ ಇಳಿಸ್ತಿದ್ದ. ನಮ್ಮ ಮನ್ಯಾಗ ಉಣ್ತಿದ್ದ. ಛಲೋ ನಗ್ತಿದ್ದ, ಹಲ್ಲು ಎಲ್ಲಾ ಕಾಣೂ ಹಂಗ. ನನಗ ತಿಳೀತ್ರಿ ಯವ್ವಾ, ತಾಯಿಗಿ ತಿಳೀತದ. ಅವನ ಅಣ್ಣಗ ನಾನೇ ಹೇಳಿಸಿ ಕಳಿಸ್ದೆ, ಲಗ್ನ ಮಾಡ್ರಿ ಅಂತ. ಬಂದು ಊರಿಗಿ ಒಯ್ದ್ರು. ಮತ್ತ ಬರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋದ ವರ್ಷ ಇವಂಗ ಹೇಳ್ದೆ, ನಾ ಮಾಡಿದ್ದೋ ಅದು ಅಂತ. ನಾಕು ದಿನ ಮಾತಾಡ್ಲಿಲ್ಲ. ಐದನೇ ದಿನ, ಅವ್ವಾ ಹಸಿವಾಗೇದ ಅಂದ."

"ಅಮ್ಮ, ಬಳಗದ ಪುಸ್ತಕದಲ್ಲಿ ಅವನನ್ನು ಅವಳು ಅಂತ ಮಾಡಿದ್ದು ನಾನು." ಮಾತು ತನ್ನಷ್ಟಕ್ಕೆ ಹೊರಗೆ ಬಿತ್ತು. "ನಮ್ಮನೆಯವರಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಮರಗಮ್ಮ ಅವಳನ್ನು ತೂಗುವಂತೆ ನೋಡಿದಳು. ಸಿಟ್ಟೂ ಇಲ್ಲ, ಕರುಣೆಯೂ ಇಲ್ಲ.

"ನನಗ ಹೇಳಿದ್ರ ಏನ್ ಬರ್ತದ? ಅವಂಗ ಹೇಳ್ರಿ."

ಚಾ ಬರುವ ಮೊದಲೇ ವಿಮಲಾ ಶಟರು ಎಳೆದಳು. ಮಧ್ಯಾಹ್ನದ ಗಾಡಿಯಲ್ಲಿ ಜಾಗವಿತ್ತು. ಠಾಕುರ್ಲಿ ದಾಟುವಾಗ ಮರಗಮ್ಮ ನಿದ್ದೆಗೆ ತೂಗಿದಳು. ಊಟದ ಡಬ್ಬಿ ಜಾರದಂತೆ ವಿಮಲಾ ಹಿಡಿದುಕೊಂಡಳು. ಹೇಳುವ ವಾಕ್ಯವನ್ನು ಜೋಡಿಸಿ ನೋಡಿದಳು. ಎಲ್ಲಾ ವಾಕ್ಯವೂ ತನ್ನನ್ನು ಕಾಪಾಡಿಕೊಳ್ಳುವಂತೆಯೇ ಬರುತ್ತಿತ್ತು. ಹತ್ತು ನಿಮಿಷದಲ್ಲಿ ಕಲ್ಯಾಣ ಬಂತು.

ಆಸ್ಪತ್ರೆಯ ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಅಂಬಾದಾಸ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದ. ಮೂವತ್ತಕ್ಕೇ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡು ಮುಖ ಅರಳಿತು. "ಅಕ್ಕಾರ! ನೀವ್ಯಾಕ ಬರಾಕ ಹೋದ್ರಿ ಇಷ್ಟು ದೂರ?" ಆ ಅರಳಿದ ಮುಖದ ಎದುರಿಗೆ ಅವಳು ಹೇಳಿದಳು. ನಾಲ್ಕು ಕಡೆ ಎಂಬುದನ್ನೂ ಹೇಳಿದಳು. ಕೈತಪ್ಪಲ್ಲ, ಗೊತ್ತಿದ್ದೇ ತಿದ್ದಿದೆ ಎಂದಳು. ಬಕೆಟ್ಟು ತುಂಬಿ ನೀರು ಹೊರಚೆಲ್ಲಿತು; ಅವನು ನಲ್ಲಿ ನಿಲ್ಲಿಸಲಿಲ್ಲ, ಮರಗಮ್ಮ ಕೈಚಾಚಿ ನಿಲ್ಲಿಸಿದಳು.

"ನಾ ಬಳಗದೋರು ಮಾಡಿದ್ದು ಅಂತ ತಿಳ್ಕೊಂಡಿದ್ದೆ," ಎಂದ. ಗೊತ್ತಿರಲಿಲ್ಲ. ಆರು ವರ್ಷವೂ ಅವನಿಗೆ ಗೊತ್ತಿರಲಿಲ್ಲ. "ಅದಕ್ಕೇ ನಿಮ್ಮ ಹಂತೇಕ ಬಂದೆ. ಈ ಅಕ್ಕಾರ ಮಾತ್ರ ಇದ್ದದ್ದು ಇದ್ದಂಗ ಹೊಡೀತಾರ ಅಂತ." ಕನ್ನಡಕ ತೆಗೆದ. ಅದಿಲ್ಲದ ಕಣ್ಣುಗಳು ಚಿಕ್ಕವಾಗಿ, ಅವನ ವಯಸ್ಸಿಗೆ ಬಹಳ ಮುದಿಯಾಗಿ ಕಂಡವು. "ಬ್ಯಾರೆ ಯಾರಾದ್ರೂ ಆಗಿದ್ರ…" ಎಂದವನು ಮುಗಿಸದೆ ಬಕೆಟ್ಟೆತ್ತಿಕೊಂಡು ಒಳಗೆ ಹೋದ.

ವಿಮಲಾ ಬೆಂಚಿನ ಮೇಲೆ ಕೂತಳು. ಎದ್ದು ಹೋಗಲು ಒಂದು ಮರ್ಯಾದೆಯ ಕ್ಷಣವಿರುತ್ತದೆ, ಅದು ದಾಟಿಹೋಯಿತು. ಇಲ್ಲಿ ಅಳುವ ಹಕ್ಕು ತನ್ನದಲ್ಲ ಎನ್ನಿಸಿತು. ಹೋಗುವ ಬರುವವರೆಲ್ಲ ಅವಳನ್ನು ಯಾವುದೋ ರೋಗಿಯ ಮನೆಯವಳೆಂದು ತಿಳಿದು ಜಾಗ ಕೊಟ್ಟು ನಡೆದರು. ಮರಗಮ್ಮ ಪಕ್ಕದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವನು ಇನ್ನು ಅಂಗಡಿಗೆ ಬರುವುದಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಚೀಲದಿಂದ ಚೀಟಿಗಳನ್ನು ಎಳೆಯುತ್ತಾ, ಅಕ್ಕಾರ ಇದು ನೋಡ್ರಿ ಎನ್ನುವವರು ಇನ್ನು ಯಾರೂ ಇಲ್ಲ. ತನಗೆ ಇಷ್ಟು ದಿನ ಬೇಕಾಗಿದ್ದದ್ದು ಕ್ಷಮೆಯಲ್ಲ, ಆ ಮನುಷ್ಯ ಬಂದು ಕೂರುವ ಅರ್ಧ ಗಂಟೆ ಎಂಬುದು ಅವಳಿಗೆ ಆಗ ಹೊಳೆಯಿತು.

ಬಾಗಿಲಲ್ಲಿ ಅಂಬಾದಾಸ ನಿಂತಿದ್ದ. ಅಂಗಿಯ ತೋಳು ಮಡಚಿದ್ದ, ಕೈಗೆ ರಬ್ಬರು ಗ್ಲೌಸು.

"ನಾಳಿಗಿ ಅಂಗಡಿಗಿ ಬರ್ತೀನಿ," ಎಂದ, ಅವಳ ಕಡೆ ನೋಡದೆ. "ಬಾಜೂ ಕುಂತು ಒಂದೊಂದು ಅಕ್ಷರ ನೋಡ್ತೀನಿ. ಇನ್ನ ಮ್ಯಾಲ ಹಂಗೇ." ಅದೇ ದನಿಯಲ್ಲಿ, "ಈಗ ಒಂದೀಟು ಒಳಗ ಬರ್ರಿ. ಇಂವನ ಹೇಣ್ತಿ ಸಂಜೀಕ ರಾಯಚೂರ ಗಾಡಿಗಿ ಬರ್ತಾಳ. ಗಂಡ ಹಿಂಗ ಹೊಲಸಿನ್ಯಾಗ ಬಿದ್ದದ್ದು ಆಕಿ ನೋಡಬಾರ್ದು. ಅವ್ವಗ ಎತ್ತಾಕ ಆಗಂಗಿಲ್ಲ." ಇನ್ನೊಂದು ಜೊತೆ ಗ್ಲೌಸು ಚಾಚಿದ.

ಮೂಲೆಯ ಮಂಚದ ಮೇಲೆ ನಲವತ್ತರ ಗಂಡಸು, ಎಲುಬು ಎಣಿಸುವಂತಿದ್ದ. ಪರ ಹೆಂಗಸು ಹತ್ತಿರ ಬಂದದ್ದು ಕಂಡು ಮುಖಕ್ಕೆ ಕೈ ಅಡ್ಡ ಹಿಡಿದ.

"ಬ್ಯಾಡ್ರಿ ಯವ್ವಾ, ಹೊಲಸದ ರೀ. ಯಾರೋ ಅಂಬಾದಾಸ ಇವ್ರು?"

ಅಂಬಾದಾಸ ಒದ್ದೆ ಬಟ್ಟೆಯನ್ನು ಹಿಂಡುತ್ತಿದ್ದ. ವಿಮಲಾ ಗ್ಲೌಸು ಎಳೆದು ಹಾಕಿಕೊಂಡಳು.

"ನಮ್ಮ ಅಕ್ಕ ಇದ್ದಾರ. ನೀ ಸುಮ್ಮನ ಮಲ್ಕೋ." ಆಮೇಲೆ ಅವಳಿಗೆ, "ಹೆಗಲಿನ ಬುಡಕ ಒಂದು ಕೈ, ಸೊಂಟದ ಬುಡಕ ಒಂದು. ನಾ ಅಂದಾಗ ಎತ್ರಿ. ನಡುವ ಬಿಡಬ್ಯಾಡ್ರಿ."

ಅವಳು ಬಗ್ಗಿದಳು. ಮೂಗಿಗೆ ವಾಸನೆ ಬಡಿಯಿತು. ಕಣ್ಣು ಮುಚ್ಚಿ ತೆರೆದಳು. ಗ್ಲೌಸಿನ ಮೂಲಕ ಜ್ವರದ ಬೆನ್ನಿನ ಬಿಸಿ ತಾಕಿತು.

"ಹಿಡದ್ರಿ?"

"ಹಿಡ್ಕೊಂಡಿದ್ದೇನೆ."

"ಎತ್ರಿ."

ಎತ್ತಿದಳು. ಅಂಬಾದಾಸ ಹಳೆಯ ಚಾದರವನ್ನು ಒಂದೇ ಸಲಕ್ಕೆ ಎಳೆದುಕೊಂಡು, ಬೇರೆಯದನ್ನು ಕೊಡವಿ ಹಾಸತೊಡಗಿದ. ಅಷ್ಟು ಹೊತ್ತೂ ಆ ಮನುಷ್ಯ ಪೂರ್ತಿಯಾಗಿ ಅವಳ ತೋಳುಗಳ ಮೇಲೆಯೇ ಇದ್ದ.